ಐಸ್ ಕ್ರೀಮ್ ಗಾಡಿಗೆ ಜುಲೈಯಲ್ಲಿ ಗಿರಾಕಿ ಯಾರು?

ದೋಹಾದಲ್ಲಿರುವ ನಮ್ಮ ಕರಾವಳಿಯ ಗಂಡಸರಿಗೆ ಒಂದು ಕಾಯಿಲೆ ಉಂಟು. ಅದು ಬರುವುದು ಶುಕ್ರವಾರ ಮಧ್ಯಾಹ್ನ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಹೊಟ್ಟೆಗೆ ಇಳಿದು, ಎ.ಸಿ. ಹಾಕಿ ಸೋಫಾದ ಮೇಲೆ ಕಾಲು ಚಾಚಿದ ಕೂಡಲೇ ತಲೆಯೊಳಗೆ ಒಂದು ಬಿಸಿನೆಸ್ ಐಡಿಯಾ ಹೊಗುತ್ತದೆ. ಹೆಚ್ಚಿನವರಿಗೆ ಸಂಜೆಯ ಚಹಾದ ಹೊತ್ತಿಗೆ ಗುಣವಾಗುತ್ತದೆ. ಅಲ್ ಸದ್ದ್ ಬಡಾವಣೆಯ ಫಿಡೆಲಿಸರಿಗೆ ಗುಣವಾಗಲಿಲ್ಲ.

ಇದು ಎರಡು ಸಾವಿರದ ಏಳನೇ ಇಸವಿಯ ಮೇ ತಿಂಗಳ ಕಥೆ. ಫಿಡೆಲಿಸ್ ಒಂದು ಕಟ್ಟಡ ಕಂಪನಿಯ ಆಫೀಸಿನಲ್ಲಿ ಕ್ಲರ್ಕ್. ಒಳ್ಳೆಯ ಮನುಷ್ಯ, ಬಾಯಿ ಸ್ವಲ್ಪ ಜಾಸ್ತಿ. ಹೆಂಡತಿ ಬರ್ನಡೆಟ್ ಒಂದು ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ಕೂರುವವಳು. ಒಬ್ಬಳೇ ಮಗಳು ರೆನಿಟಾ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಬರೆದು, ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತೇನೆ ಅಂತ ಕುಣಿಯುತ್ತಿದ್ದಳು. ಜುಲೈಯಲ್ಲಿ ಅಡ್ಮಿಶನ್. ಅದಕ್ಕೆ ಅಂತಲೇ ಗಂಡಹೆಂಡತಿ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಬ್ಯಾಂಕಿನಲ್ಲಿತ್ತು.

ಆ ಶುಕ್ರವಾರ ಫಿಡೆಲಿಸ್ ಸೋಫಾದಿಂದ ಎದ್ದು ಕುಳಿತರು.

"ಬರ್ನಿ, ನಾವು ಐಸ್ ಕ್ರೀಮ್ ಗಾಡಿ ತೆಗೊಳ್ಳುವ."

"ಕೋನ್ ಸಾಕಾಗುದಿಲ್ವಾ ನಿಮಗೆ? ಗಾಡಿಯೇ ಬೇಕಾ?" ಬರ್ನಡೆಟ್ ಅಡುಗೆಮನೆಯಿಂದಲೇ ಕೇಳಿದಳು.

"ತಮಾಷೆ ಅಲ್ಲ ಮಾರಾಯ್ತಿ. ನಮ್ಮ ಅಲೋಶಿಯಸ್ ಉಂಟಲ್ಲ, ಕಳೆದ ವರ್ಷ ಏಷ್ಯನ್ ಗೇಮ್ಸ್ ಬರ್ತದೆ ಅಂತ ಒಂದು ಗಾಡಿ ತೆಗೊಂಡಿದ್ದ. ಈಗ ಮಾರ್ತಾನಂತೆ. ನಲವತ್ತು ಸಾವಿರ ರಿಯಾಲ್. ನಮ್ಮವನು ಅಂತ ಈ ರೇಟು. ಹೊರಗೆ ನೋಡು, ಎಂಥ ಬೆಂಕಿ ಬಿಸಿಲು! ಇಂಥ ದೇಶದಲ್ಲಿ ಐಸ್ ಕ್ರೀಮ್ ಮಾರಾಟ ಆಗದಿದ್ದರೆ ಮತ್ತೆಂತ ಆಗುದು? ಕಂಬಳಿಯಾ?"

ಅವರ ಲೆಕ್ಕ ಬಹಳ ಸುಲಭ. ನೆರೆಮನೆಯ ಮಟಿಲ್ಡಾಳ ಮಕ್ಕಳು, ಕೆಳಗಿನ ಮಾಳಿಗೆಯ ಬ್ರಯನ್‌ನ ಅವಳಿ ಜವಳಿ, ರೆನಿಟಾಳ ಸ್ಕೂಲಿನ ಮಕ್ಕಳು, ಊರಿನವರ ಸಂಘದ ಪಿಕ್‌ನಿಕ್ಕಿಗೆ ಬರುವ ಅಷ್ಟೂ ಸಂಸಾರಗಳು. ತಲೆಗೊಂದು ಕೋನ್ ಹಿಡಿಸಿದರೆ ಗಾಡಿಯ ದುಡ್ಡು ಕಣ್ಣು ಮುಚ್ಚಿ ತೆಗೆಯುವುದರೊಳಗೆ ವಾಪಸ್. ಆಮೇಲೆ ಬರುವುದೆಲ್ಲ ಲಾಭ.

"ಆ ದುಡ್ಡು ರೆನಿಟಾಳ ಕಾಲೇಜಿನದ್ದು," ಅಂದಳು ಬರ್ನಡೆಟ್. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಅದಕ್ಕೇ ಹೇಳಿದ್ದು! ಜುಲೈಯೊಳಗೆ ದುಡ್ಡು ಡಬಲ್ ಆಗ್ತದೆ. ಒಂದು ಪಾಲು ಫೀಸಿಗೆ, ಒಂದು ಪಾಲು ಎರಡನೇ ಗಾಡಿಗೆ."

ಬರ್ನಡೆಟ್ ಜಗಳಕ್ಕೆ ಹೋಗಲಿಲ್ಲ. ಗಂಡನ ತಲೆಗೆ ಹೊಕ್ಕ ಐಡಿಯಾ ಜಗಳ ಮಾಡಿದಷ್ಟೂ ಆಳಕ್ಕೆ ಇಳಿಯುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಅವಳು ಫೋನ್ ಮಾಡಿದ್ದು ಅಬ್ದುಲ್ ಮಜೀದರಿಗೆ.

ಮಜೀದ್ ಉಳ್ಳಾಲದವರು. ದೋಹಾಕ್ಕೆ ಬಂದು ತಲೆ ಹಣ್ಣಾಗಿದೆ. ಅಲ್ ಥುಮಾಮಾದಲ್ಲಿ ಅವರದ್ದೊಂದು ಕೆಫೆಟೇರಿಯಾ ಉಂಟು, ಸಾಮಾನು ಸಾಗಿಸಲು ಒಂದು ತಂಪು ವ್ಯಾನೂ ಉಂಟು. ಆ ವ್ಯಾನಿನ ವಿಷಯ ಬಂದರೆ ಮಾತ್ರ ಅವರ ಮುಖ ಹರಳೆಣ್ಣೆ ಕುಡಿದ ಹಾಗಾಗುತ್ತದೆ.

ಸಂಜೆ ಮಜೀದ್ ಬಂದು, ಚಹಾ ಕುಡಿದು, ಫಿಡೆಲಿಸರ ಲೆಕ್ಕ ಪೂರ್ತಿ ಕೇಳಿದರು.

"ಒಳ್ಳೇ ಲೆಕ್ಕ ಪೊರ್ಬುಗಳೇ. ನೀವು ಮದುವೆ ದಿನದ ಖರ್ಚು ಹೇಳಿದ್ರಿ. ಸಂಸಾರದ ಖರ್ಚು ಹೇಳಲಿಲ್ಲ," ಅಂದರು. ಊರ ಕ್ರಿಶ್ಚಿಯನ್ನರನ್ನು ಅವರು ಕರೆಯುವುದೇ ಪೊರ್ಬುಗಳು ಅಂತ.

"ಎಂಥ ಸಂಸಾರ? ಪೆಟ್ರೋಲ್ ಹಾಕುದು, ಹೋಗುದು. ಇಲ್ಲಿ ನೀರಿಗಿಂತ ಪೆಟ್ರೋಲ್ ಚೀಪ್!"

"ಹಾಗಾದ್ರೆ ಗಾಡಿಯ ಮೇಲೆ ಪೆಟ್ರೋಲೇ ಮಾರಿ," ಅಂದರು ಮಜೀದ್. "ಗಾಡಿ ಯಾರ ಹೆಸರಲ್ಲಿ? ನೀವು ಕಂಪನಿ ವೀಸಾದಲ್ಲಿ ಇದ್ದೀರಿ. ನಿಮ್ಮ ಸ್ಪಾನ್ಸರ್ ಹೊರಗೆ ವ್ಯಾಪಾರ ಮಾಡು ಅಂತ ಕಾಗದ ಕೊಟ್ಟಿದ್ದಾರಾ?"

"ಅದು ಆಮೇಲೆ ನೋಡುವ."

"ಆಮೇಲೆ ನೋಡ್ಲಿಕ್ಕೆ ನೀವು ಇಲ್ಲಿ ಇರುದಿಲ್ಲ, ಏರ್‌ಪೋರ್ಟಲ್ಲಿ ಇರ್ತೀರಿ. ಆಯ್ತು, ಕಾಗದ ಸಿಕ್ಕಿತು ಅಂತ ಇಟ್ಟುಕೊಳ್ಳುವ. ಹಗಲು ನೀವು ಆಫೀಸಲ್ಲಿ. ಗಾಡಿ ಓಡಿಸುವವ ಯಾರು? ಅವನಿಗೆ ಸಂಬಳ, ರೂಮು, ವೀಸಾ. ತಿಂಡಿ ಮಾರುವವನಿಗೆ ಹೆಲ್ತ್ ಕಾರ್ಡ್. ಗಾಡಿಗೆ ರಿಜಿಸ್ಟ್ರೇಶನ್, ಇನ್ಶೂರೆನ್ಸ್, ಬಲದಿಯಾ ಮುನಿಸಿಪಾಲಿಟಿಯ ಲೈಸೆನ್ಸ್. ನಿಲ್ಲಿಸ್ಲಿಕ್ಕೆ ಜಾಗ. ರಾತ್ರಿ ಇಂಜಿನ್ ಬಂದ್ ಮಾಡಿದ್ರೆ ಫ್ರೀಜರಿಗೆ ಕರೆಂಟು ಎಲ್ಲಿಂದ?"

"ಕಿಟಕಿಯಿಂದ ಒಂದು ವೈರು ಎಳೆದರಾಯ್ತು."

"ಮೂರನೇ ಮಾಳಿಗೆಯಿಂದಾ?" ಬರ್ನಡೆಟ್ ತಲೆಗೆ ಕೈ ಹೊತ್ತುಕೊಂಡಳು.

"ಮತ್ತೆ ಒಂದು ಪ್ರಶ್ನೆ," ಅಂದರು ಮಜೀದ್. "ಅಷ್ಟು ಲಾಭ ಇದ್ರೆ ಅಲೋಶಿಯಸ್ ಯಾಕೆ ಮಾರ್ತಾರೆ?"

ಫಿಡೆಲಿಸರಿಗೆ ಸಿಟ್ಟು ಬಂತು. "ನೀವೆಲ್ಲ ಹೀಗೇ. ಒಬ್ಬ ಮೇಲೆ ಬರ್ತಾನೆ ಅಂದ್ರೆ ಕಾಲು ಎಳೀತೀರಿ. ಬೇರೆ ಪಾರ್ಟಿ ರೆಡಿ ಉಂಟಂತೆ. ಭಾನುವಾರ ಅಡ್ವಾನ್ಸ್ ಕೊಡ್ತೇನೆ, ಖಲಾಸ್!"

ಮಜೀದ್ ಹೊರಡಲು ಎದ್ದರು. ಬರ್ನಡೆಟ್ ಮಾತ್ರ ನಗುತ್ತಾ ಚಹಾದ ಕಪ್ಪುಗಳನ್ನು ಎತ್ತಿದಳು. "ಭಾನುವಾರ ಬೇಡ. ಬರುವ ಶುಕ್ರವಾರ ಮಟಿಲ್ಡಾಳ ಮಗಳ ಮೊದಲ ಪರಮಪ್ರಸಾದದ ಕೊಮುನ್ಯಾಂವ್ ಪಾರ್ಟಿ ಉಂಟಲ್ವಾ? ಅಲೋಶಿಯಸರ ಹತ್ರ ಕೇಳಿ, ಗಾಡಿ ತನ್ನಿ. ಮಕ್ಕಳಿಗೆಲ್ಲ ನಮ್ಮ ಕಡೆಯಿಂದ ಐಸ್ ಕ್ರೀಮ್ ಫ್ರೀ. ಮಾರಾಟ ಅಲ್ಲ, ಗಿಫ್ಟು. ಗಾಡಿ ಹೇಗುಂಟು ಅಂತ ನೋಡಿದ ಹಾಗೂ ಆಯ್ತು. ಅಡ್ವಾನ್ಸ್ ಮರುದಿನ ಕೊಡಿ."

ಫಿಡೆಲಿಸರ ಮುಖ ಅರಳಿತು. ಅಲೋಶಿಯಸರ ಮುಖ ಅದಕ್ಕಿಂತ ಜಾಸ್ತಿ ಅರಳಿತು. ಕೀ ಕೊಡಲು ಅವರೇ ಓಡಿ ಬಂದರು. ಗಾಡಿಯನ್ನು ತಾವೇ ಪಾರ್ಟಿಯ ಜಾಗಕ್ಕೆ ತಂದುಕೊಡುತ್ತೇನೆ ಅಂದರು.

ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿದು, ಅಲ್ ಥುಮಾಮಾದ ಒಂದು ವಿಲ್ಲಾದ ಹಾಲಿನಲ್ಲಿ ಪಾರ್ಟಿ ಶುರುವಾಯಿತು. ಬಿಳಿ ಫ್ರಾಕಿನ ಮಗು, ಬಲೂನು, ಮೈಕು, ಎರಡು ದೊಡ್ಡ ಎ.ಸಿ. ಹೊರಗೆ ಅಂಗಳದಲ್ಲಿ ಗುಲಾಬಿ ಬಣ್ಣದ ಗಾಡಿ. ಗಾಡಿಯೊಳಗೆ ಕೋಟು ಹಾಕಿ, ಟೈ ಕಟ್ಟಿಕೊಂಡ ಫಿಡೆಲಿಸ್. ಯಂತ್ರದ ಹಿಡಿ ಎಳೆದರೆ ಐಸ್ ಕ್ರೀಮ್ ಸುರುಳಿಯಾಗಿ ಕೋನಿನ ಮೇಲೆ ಬೀಳಬೇಕು. ಮೊದಲನೆಯದು ಚಂದಕ್ಕೆ ಬಿತ್ತು. ಫಿಡೆಲಿಸ್ ಅದನ್ನು ಎತ್ತಿ ಹಿಡಿದು ಕಾದರು.

ಯಾರೂ ಬರಲಿಲ್ಲ.

ಹಾಲಿನ ಬಾಗಿಲು ತೆರೆಯಿತು. ಒಂದು ಹುಡುಗಿ ಬಿಸಿಲಿಗೆ ಒಂದು ಕಾಲು ಇಟ್ಟು, "ಅಯ್ಯೋ!" ಅಂತ ಕಾಲು ಒಳಗೆ ಎಳೆದುಕೊಂಡಳು. ಬಾಗಿಲು ಮುಚ್ಚಿತು. ಎತ್ತಿ ಹಿಡಿದ ಕೋನು ಕರಗಿ ಫಿಡೆಲಿಸರ ಕೈ ಮೇಲೆ ಇಳಿದು, ಕೋಟಿನ ತೋಳಿನೊಳಗೆ ಹೋಯಿತು.

"ಯಲ್ಲಾ, ಬನ್ನಿ ಮಕ್ಕಳೇ, ಫ್ರೀ! ಫ್ರೀ!" ಅಂತ ಕೂಗಿದರು. ಎ.ಸಿ.ಯ ಸದ್ದಿಗೆ ಒಳಗಿದ್ದವರಿಗೆ ಕೇಳಲಿಲ್ಲ. ಹಾಗಾದರೆ ಗಾಡಿಯ ಸಂಗೀತ ಹಾಕುವ ಅಂತ ಸ್ವಿಚ್ ಒತ್ತಿದರು. ಟಿಂಗ್ ಟಿಂಗ್ ಅಂತ ಜೋರಾಗಿ ಶುರುವಾಯಿತು. ಒಳಗೆ ಪಾದ್ರಿಗಳು ಊಟದ ಪ್ರಾರ್ಥನೆಗೆ ಎದ್ದು ನಿಂತದ್ದೂ ಆಗಲೇ. ಬಂದ್ ಮಾಡಲು ಹೋದರೆ ಸ್ವಿಚ್ ಕೈಗೇ ಕಿತ್ತು ಬಂತು. ಪ್ರಾರ್ಥನೆ ಮುಗಿಯುವ ತನಕ ಟಿಂಗ್ ಟಿಂಗ್. ಮಟಿಲ್ಡಾ ಕಿಟಕಿಯಿಂದ ನೋಡಿದ ನೋಟಕ್ಕೆ ಗಾಡಿಯಲ್ಲಿದ್ದ ಉಳಿದ ಐಸ್ ಕ್ರೀಮ್ ಕೂಡ ಕರಗಿರಬೇಕು.

ಕೊನೆಗೆ ಫಿಡೆಲಿಸರೇ ಎರಡೂ ಕೈಯಲ್ಲಿ ಕೋನು ಹಿಡಿದು ಒಳಗೆ ಓಡತೊಡಗಿದರು. ಗಾಡಿಯಿಂದ ಬಾಗಿಲಿಗೆ ಹತ್ತು ಹೆಜ್ಜೆ ಇರಬಹುದು. ಅಷ್ಟರಲ್ಲಿ ಕೋನಿನಲ್ಲಿ ಉಳಿಯುತ್ತಿದ್ದದ್ದು ಹಾಲು. ಬ್ರಯನ್‌ನ ಅವಳಿಗಳಲ್ಲಿ ಒಬ್ಬ, "ಅಂಕಲ್, ಮಿಲ್ಕ್‌ಶೇಕಿಗೆ ಸ್ಟ್ರಾ ಇಲ್ವಾ?" ಅಂತ ಕೇಳಿದ. ಅಷ್ಟರಲ್ಲಿ ಗಾಡಿ ಒಮ್ಮೆ ಗಡಗಡ ನಡುಗಿ, ಹೊಗೆ ಬಿಟ್ಟು, ತಣ್ಣಗಾಯಿತು. ಅಂದರೆ ಯಂತ್ರ ತಣ್ಣಗಾಯಿತು, ಐಸ್ ಕ್ರೀಮ್ ಬಿಸಿಯಾಯಿತು. ಹಿಂದಿನ ಬಾಗಿಲಿನ ಅಡಿಯಿಂದ ಬಿಳಿ ಪಾಯಸ ಅಂಗಳಕ್ಕೆ ಹರಿಯಿತು. ಸಂಗೀತ ಮಾತ್ರ ನಿಲ್ಲಲಿಲ್ಲ.

ಮಜೀದ್ ಬಂದು ಬ್ಯಾಟರಿಯ ವೈರು ಕಿತ್ತ ಮೇಲೆ ಎಲ್ಲರಿಗೂ ಜೀವ ಬಂತು.

ಮರುದಿನ ಫಿಡೆಲಿಸ್, ಅಲೋಶಿಯಸ್, ಮಜೀದ್ ಮೂವರೂ ಗಾಡಿಯನ್ನು ಎಳೆಸಿಕೊಂಡು ಸನಾಯಾ ಕೈಗಾರಿಕಾ ಪ್ರದೇಶದ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ಒಳಗೆ ಇಣುಕಿ, "ಕಂಪ್ರೆಸರ್ ಮಾಫಿ," ಅಂದ. ಅಂದರೆ ಕಂಪ್ರೆಸರ್ ಹೋಯಿತು ಅಂತ. ಹೊಸದು ಹಾಕಲು ಅವನು ಹೇಳಿದ ರೇಟು ಕೇಳಿ ಫಿಡೆಲಿಸ್ ಹತ್ತಿರ ಬಿದ್ದಿದ್ದ ಟಯರಿನ ಮೇಲೆ ಕುಳಿತುಬಿಟ್ಟರು. ಅವರ ಅರ್ಧ ತಿಂಗಳ ಸಂಬಳ.

"ಇದು ಯಾರು ಕೊಡುದು?" ಅಂತ ಮೆಲ್ಲಗೆ ಕೇಳಿದರು.

ಅಲೋಶಿಯಸ್ ಮೊದಲು ಆಕಾಶ ನೋಡಿದರು, ಆಮೇಲೆ ನೆಲ ನೋಡಿದರು. ಮತ್ತೆ ಒಮ್ಮೆಲೇ ಅವರ ಬಾಯಿಯ ಕಟ್ಟೆ ಒಡೆಯಿತು. "ನಾನೇ ಕೊಡ್ತೇನೆ ಮಾರಾಯಾ. ಇದು ಮೂರನೇ ಕಂಪ್ರೆಸರ್. ಈ ಬಿಸಿಲಿಗೆ ಅದು ಬಾಳುದಿಲ್ಲ. ಡ್ರೈವರಿನ ಸಂಬಳ ಕೊಟ್ಟು, ಸ್ಪಾನ್ಸರಿಗೆ ಕೊಟ್ಟು, ಇನ್ಶೂರೆನ್ಸ್ ಕಟ್ಟಿ, ಕರಗಿದ ಮಾಲು ಚೆಲ್ಲಿ, ಚಳಿಗಾಲದಲ್ಲಿ ದುಡಿದದ್ದನ್ನು ಬೇಸಿಗೆಯಲ್ಲಿ ಇದೇ ನುಂಗ್ತದೆ. ನಿನಗೆ ದಾಟಿಸಿ ನಾನು ಬಚಾವ್ ಆಗುವ ಅಂತ ನೋಡಿದೆ. ನಿನ್ನೆ ನಿನ್ನ ಕೋಟು ನೋಡಿದ ಮೇಲೆ ಮನಸ್ಸು ಬರುದಿಲ್ಲ."

"ಚಳಿಗಾಲದಲ್ಲಾ?" ಫಿಡೆಲಿಸ್ ಬಾಯಿ ಬಿಟ್ಟರು. "ಐಸ್ ಕ್ರೀಮ್ ಚಳಿಗಾಲದಲ್ಲಾ ಹೋಗುದು?"

"ಇಲ್ಲಿ ಜನ ಹೊರಗೆ ಬರುದು ಯಾವಾಗ ಪೊರ್ಬುಗಳೇ?" ಅಂದರು ಮಜೀದ್. "ಬೀಚು, ಪಾರ್ಕು, ಕಡಲ ಬದಿಯ ಕಾರ್ನಿಶ್, ಎಲ್ಲ ನವೆಂಬರಿನಿಂದ. ಈಗ ಎಲ್ಲರೂ ಮಾಲ್ ಒಳಗೆ. ನನ್ನ ತಂಪು ವ್ಯಾನಿನ ಗತಿಯೂ ಅದೇ. ವ್ಯಾನು ಓಡಿದರೂ ಖರ್ಚು, ನಿಂತರೂ ಖರ್ಚು."

ಆದರೂ ಫಿಡೆಲಿಸರ ಐಡಿಯಾ ಪೂರ್ತಿ ಸತ್ತಿರಲಿಲ್ಲ. ಮನೆಗೆ ಬಂದು ಸೋಫಾದ ಮೇಲೆ ಕುಳಿತು ಗೊಣಗಿದರು. "ಸಂಜೆ ಹೊತ್ತು ಮಾರಬಹುದಿತ್ತು. ಬಿಲ್ಡಿಂಗ್ ಬಿಲ್ಡಿಂಗಿಗೆ ಹೋಗಿ. ಜೂನ್, ಜುಲೈ, ಆಗಸ್ಟ್. ನಮ್ಮ ಜನವೇ ಸಾಕಿತ್ತು."

ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ರೆನಿಟಾ ತನ್ನ ಅರೆಬರೆ ಕನ್ನಡದಲ್ಲಿ ಕೇಳಿದಳು. "ಪಪ್ಪಾ, ಜುಲೈ ನಾವು ಮ್ಯಾಂಗ್ಳೋರ್ ಅಲ್ವಾ? ಟಿಕೆಟ್ ಬುಕ್ ಆಯ್ತಲ್ಲ?"

"ನಾವು ಹೌದು. ಆದ್ರೆ ಗಿರಾಕಿಗಳು..."

"ಮಟಿಲ್ಡಾ ಆಂಟಿ ಕೂಡ ಸೇಮ್ ಫ್ಲೈಟ್. ಬ್ರಯನ್ ಅಂಕಲ್ ನೆಕ್ಸ್ಟ್ ಡೇ. ನನ್ನ ಕ್ಲಾಸ್ ಫುಲ್ ಇಂಡಿಯಾ. ಸ್ಕೂಲ್ ರಜೆ ಅಲ್ವಾ? ಮತ್ತೆ ನೀವು ಐಸ್ ಕ್ರೀಮ್ ಯಾರಿಗೆ ಕೊಡುದು? ವಾಚ್‌ಮ್ಯಾನಿಗಾ?"

ಫಿಡೆಲಿಸ್ ಹೆಂಡತಿಯ ಮುಖ ನೋಡಿದರು. ಬರ್ನಡೆಟ್ ಈ ಸಲ ನಗಲಿಲ್ಲ. "ನನಗೆ ಹೆದರಿಕೆ ಆಗಿತ್ತು," ಅಂದಳು. "ಈ ಮಗು ಸೀಟು ಸಿಕ್ಕಿತು ಅಂತ ಬಂದು ನಿಲ್ಲುವಾಗ ನಾವು ಎಂತ ಕೊಡುದು? ಒಂದು ಗುಲಾಬಿ ಗಾಡಿಯ ಕೀಯಾ?"

ಫಿಡೆಲಿಸ್ ಸೋಫಾದಿಂದ ಎದ್ದರು. ಮಗಳ ತಲೆ ಮೇಲೆ ಕೈ ಇಟ್ಟರು. ಅಂಟಂಟಾಗಿದ್ದ ಕೋಟನ್ನು ತಾವೇ ಬಕೆಟಿನಲ್ಲಿ ನೆನೆಹಾಕಿದರು. ಅಲೋಶಿಯಸರಿಗೆ ಫೋನ್ ಮಾಡಿ ಗಾಡಿ ಬೇಡ ಅಂದರು. ಅಲೋಶಿಯಸ್, "ನನಗೂ ಬೇಡ," ಅಂದರಂತೆ.

ಜುಲೈ ಬಂತು. ಮಂಗಳೂರಿನಲ್ಲಿ ಜಡಿಮಳೆ. ಕಾಲೇಜಿನಲ್ಲಿ ರೆನಿಟಾಳ ಫೀಸು ಕಟ್ಟಿ, ರಶೀದಿ ಹಿಡಿದುಕೊಂಡು ಮೂವರೂ ಹೊರಗೆ ಬಂದರು. ಬರ್ನಡೆಟ್ ಆ ರಶೀದಿಯನ್ನು ಮಳೆ ತಾಗದ ಹಾಗೆ ಬ್ಲೌಸಿನೊಳಗೆ ಇಟ್ಟುಕೊಂಡಳು. ಖುಷಿಗೆ ಹಂಪನಕಟ್ಟೆಯಲ್ಲಿ ಒಂದು ಐಸ್ ಕ್ರೀಮ್ ಪಾರ್ಲರಿಗೆ ಹೊಕ್ಕರು.

ಒಳಗೆ ಕಾಲಿಡಲು ಜಾಗವಿಲ್ಲ. ಮೂಲೆಯ ಟೇಬಲಿನಲ್ಲಿ ಮಟಿಲ್ಡಾಳ ಇಡೀ ಕುಟುಂಬ. ಪಕ್ಕದಲ್ಲಿ ಬ್ರಯನ್, ಅವಳಿಗಳಿಗೆ ಕೈಗೊಂದು ಕಪ್ಪು. ಆಚೆ ಸಂಘದ ಪಿಕ್‌ನಿಕ್ಕಿಗೆ ಬರುವ ಎರಡು ಸಂಸಾರಗಳು. ಹಿಂದೆ ರೆನಿಟಾಳ ಕ್ಲಾಸಿನ ಹುಡುಗಿಯರ ದಂಡು. ಅಲ್ ಸದ್ದ್‌ಗೆ ಅಲ್ ಸದ್ದೇ ಛತ್ರಿ ಮಡಚಿಕೊಂಡು ಅಲ್ಲಿ ಕುಳಿತಿತ್ತು.

"ನೋಡಿ," ಅಂದಳು ಬರ್ನಡೆಟ್, "ನಿಮ್ಮ ಗಿರಾಕಿಗಳು."

ಫಿಡೆಲಿಸ್ ಎಲ್ಲರನ್ನೂ ಒಮ್ಮೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಂತರ ಸಾಲಿನಲ್ಲಿ ಹೋಗಿ ನಿಂತರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಗಾಡಿ ಕೊಳ್ಳಬೇಡಿ ಅಂತ ನಾವು ಹೇಳುವುದಿಲ್ಲ. ಐಸ್ ಕ್ರೀಮ್ ಗಾಡಿ ನಡೆಸಿ ಚೆನ್ನಾಗಿ ಬದುಕುವವರೂ ಇದ್ದಾರೆ. ಆದರೆ ಕೊಳ್ಳುವ ರೇಟು ಕೇಳಿದ ಬಾಯಲ್ಲೇ ಸಾಕುವ ರೇಟನ್ನೂ ಕೇಳಿ. ನಿಮ್ಮ ಸ್ಪಾನ್ಸರ್ ಒಪ್ಪುತ್ತಾರಾ, ಲೈಸೆನ್ಸ್ ಯಾರ ಹೆಸರಿನಲ್ಲಿ, ಡ್ರೈವರಿನ ಸಂಬಳ ಎಲ್ಲಿಂದ, ಯಂತ್ರ ಕೆಟ್ಟರೆ ಯಾರು ಕೊಡುವುದು ಅಂತ ಮೊದಲೇ ವಿಚಾರಿಸಿ. ಮಾರುವವರ ಹತ್ತಿರ ಯಾಕೆ ಮಾರುತ್ತೀರಿ ಅಂತ ಕೇಳಲು ನಾಚಿಕೆ ಬೇಡ. ವ್ಯಾಪಾರವೇ ಇಲ್ಲದ ತಿಂಗಳುಗಳಿಗೆ ದುಡ್ಡು ಬೇರೆ ತೆಗೆದಿಡಿ. ಮಕ್ಕಳ ಓದಿನ ದುಡ್ಡಿಗೆ ಮಾತ್ರ ಕೈ ಹಾಕಬೇಡಿ.

ಇನ್ನು ಬರುವ ಶುಕ್ರವಾರ ಊಟವಾದ ಮೇಲೆ ನಿಮಗೂ ಒಂದು ಐಡಿಯಾ ಬಂದರೆ, ಮೊದಲು ಒಂದು ನಿದ್ದೆ ಮಾಡಿ. ಎದ್ದ ಮೇಲೂ ಅದು ಅಲ್ಲೇ ಕುಳಿತಿದ್ದರೆ, ಹೆಂಡತಿಯನ್ನು ಕರೆದು ಹೇಳಿ. ಆಕೆ ನಕ್ಕರೆ ಸಿಟ್ಟು ಮಾಡಬೇಡಿ, ಯಾಕೆ ನಕ್ಕದ್ದು ಅಂತ ಕೇಳಿ.