ಅಪ್ಪ ಎಳೆದ ನೆಟ್ ಲೈನು

ಪ್ಲಂಬರ್ ಇರುವ ಮನೆಗೆ ಇಂಟರ್ನೆಟ್ ಹಾಕಿಸಬಾರದು. ಹಾಕಿಸಲೇಬೇಕಾದರೆ ಆತ ಮನೆಯಲ್ಲಿಲ್ಲದ ಹೊತ್ತು ನೋಡಿ ಹಾಕಿಸಬೇಕು. ಈ ಬುದ್ಧಿ ನನಗೆ ಬರುವ ಹೊತ್ತಿಗೆ ಕಾಲ ಮಿಂಚಿತ್ತು.

ನನಗೆ ಬೇಕಿದ್ದುದು ಒಂದು ಕೆಲಸ. ನೆಟ್ ಕಂಪನಿಯೊಂದರ ಸಹಾಯವಾಣಿಯಲ್ಲಿ ಕೂತು, ಸಿಟ್ಟಿನಲ್ಲಿ ಫೋನ್ ಮಾಡಿದವರಿಗೆ ಸಮಾಧಾನವಾಗಿ ‘ವೈಫೈ ಡಬ್ಬಿ ಆಫ್ ಮಾಡಿ, ಮತ್ತೆ ಆನ್ ಮಾಡಿ’ ಎಂದು ಹೇಳುವ ಕೆಲಸ. ಸಂದರ್ಶನ ವಿಡಿಯೋದಲ್ಲಿ. ಹೋದ ಸಲ ಫೋನಿನ ನೆಟ್ ನಂಬಿಕೊಂಡು ಕೂತಿದ್ದೆ. ನಾನು ಬಾಯಿ ತೆರೆದ ಕ್ಷಣಕ್ಕೇ ಚಿತ್ರ ನಿಂತುಹೋಯಿತು. ಆ ತೆರೆದ ಬಾಯಿಯನ್ನು ಅವರು ಎಷ್ಟು ಹೊತ್ತು ನೋಡಿದರೋ ಗೊತ್ತಿಲ್ಲ. ಪಾಪ, ಇನ್ನೊಂದು ಅವಕಾಶ ಕೊಟ್ಟಿದ್ದರು. ಇದೂ ಕೈತಪ್ಪಿದರೆ ಅಪ್ಪನ ಅಂಗಡಿಯಲ್ಲಿ ಕೂತು ನಲ್ಲಿಯ ವಾಷರ್ ಮಾರುವುದೇ ಗತಿ. ಅದಕ್ಕೇ ಮನೆಗೆ ನೆಟ್ ಹಾಕಿಸಲು ಹೇಳಿದ್ದು.

ಲೈನ್‌ಮನ್ ಬಂದ. ಅಪ್ಪ ಅವನನ್ನು ಬಾಗಿಲಲ್ಲೇ ತಡೆದ.

“ಹೊರಗಿನ ಕೆಲಸ ನಿಮ್ದು. ಹೊಸಿಲು ದಾಟಿದ ಮೇಲೆ ಲೈನ್ ನಂದು.”

“ಸಾರ್, ಇದು ನೀರಲ್ಲ.”

“ಬರುತ್ತೆ ತಾನೆ?”

“ಬರುತ್ತೆ.”

“ಒಮ್ಮೊಮ್ಮೆ ನಿಂತೂ ಹೋಗುತ್ತೆ ತಾನೆ?”

“ಹೋಗುತ್ತೆ ಸಾರ್.”

“ಮತ್ತೆ ನೀರಲ್ದೆ ಇನ್ನೇನ್ರೀ ಅದು?”

ಲೈನ್‌ಮನ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ಹೊರಗಿನ ತಂತಿಯನ್ನು ಬಾಗಿಲ ಪಕ್ಕದ ಪೆಟ್ಟಿಗೆಯವರೆಗೆ ತಂದು ಸೇರಿಸಿ, ವೈಫೈ ಡಬ್ಬಿಯನ್ನು ಅಪ್ಪನ ಕೈಗಿಟ್ಟು, ಬದುಕಿದೆಯಾ ಬಡಜೀವವೇ ಎಂದು ಹೊರಟುಹೋದ.

ಅಪ್ಪ ಡಬ್ಬಿ ಹಿಡಿದುಕೊಂಡು ಸೀದಾ ತಾರಸಿ ಹತ್ತಿದ.

“ಮನೆ ನಡುವೆ ಇಡಬೇಕು ಕಣಪ್ಪ,” ಎಂದೆ. “ಅಲ್ಲಿಂದ ಅದು ಗಾಳಿಯಲ್ಲೇ ಸುತ್ತ ಹರಡುತ್ತೆ. ದೂರ ಹೋದಷ್ಟೂ, ಗೋಡೆ ಅಡ್ಡ ಬಂದಷ್ಟೂ ಕಡಿಮೆಯಾಗುತ್ತೆ.”

“ಎತ್ತರದಲ್ಲಿಟ್ರೆ ತಾನೆ ಪ್ರೆಷರ್ ಬರೋದು? ಮನೆ ನಡುವೆ ಯಾರಾದ್ರೂ ಟ್ಯಾಂಕ್ ಇಡ್ತಾರೇನೇ?”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಹೇಗಾದರೂ ಒಪ್ಪಿಸಬಹುದು. ನಮ್ಮಪ್ಪ ಆ ಮೊಲಕ್ಕೂ ಒಂದು ಪೈಪ್ ಜೋಡಿಸುವವನು. ಬಾಗಿಲ ಪೆಟ್ಟಿಗೆಯಿಂದ ತಾರಸಿಗೆ ತಂತಿ ಏರಿಸಿ, ಎರಡು ನೀರಿನ ಟ್ಯಾಂಕುಗಳ ನಡುವೆ ಡಬ್ಬಿಯನ್ನು ಕೂರಿಸಿ, ಮಳೆ ಬೀಳದಂತೆ ಮೇಲೊಂದು ತಗಡು ಹೊದಿಸಿಬಿಟ್ಟ. ವೈಫೈಗೆ ಗೋಡೆಯೇ ಆಗುವುದಿಲ್ಲ, ನೀರಂತೂ ಅದನ್ನು ಹೀರಿಕೊಂಡುಬಿಡುತ್ತದೆ. ಕೆಳಗೆ ನನ್ನ ಕೋಣೆಯಲ್ಲಿ ಸಿಗ್ನಲ್ಲಿನ ಒಂದೇ ಒಂದು ಗೀಟು ಕಾಣಿಸಿಕೊಂಡು ಮಾಯವಾಗುತ್ತಿತ್ತು. ಟ್ಯಾಂಕಿನ ನೀರಿಗೆ ಮಾತ್ರ ಬೀದಿಯಲ್ಲೇ ಅತ್ಯುತ್ತಮ ಇಂಟರ್ನೆಟ್ ಸಿಗುತ್ತಿತ್ತು.

ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಗೋಡೆಯಿಂದ ಗೋಡೆಗೆ ಅಲೆಯುವುದನ್ನು ನೋಡಿ ಅಮ್ಮನಿಗೆ ಕರುಳು ಚುರುಕ್ಕೆಂದಿತು.

“ಬೆಳಿಗ್ಗೆ ಬರುವಾಗ್ಲೇ ಒಂದಿಷ್ಟು ಹಿಡಿದಿಟ್ಕೋಬಾರ್ದೇನೇ?” ಎಂದಳು.

ಅಷ್ಟರಲ್ಲಿ ಪಕ್ಕದ ಮನೆಯ ಟೈಲರಮ್ಮ ಫೋನ್ ಹಿಡಿದುಕೊಂಡು ಬಂದರು. “ಅಣ್ಣ, ತಪ್ಪು ತಿಳ್ಕೋಬೇಡಿ. ನಿಮ್ಮ ನೆಟ್ಟು ನಮ್ಮನೇಲಿ ಬರ್ತಿದೆ. ಹೊಲಿಗೆ ಮಿಷನ್ ಹತ್ರ ಕೂತ್ರೆ ತುಂಬಾನೇ ಬರುತ್ತೆ.”

ಅಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ಆಯುಷ್ಯವೆಲ್ಲ ಪೈಪ್ ಜೋಡಿಸಿದವನು. ಅವನ ಜೋಡಣೆ ಸೋರಿತು ಎಂದು ಯಾರೂ ಮನೆ ಬಾಗಿಲಿಗೆ ಬಂದಿರಲಿಲ್ಲ. ಬಿಳಿ ಟೇಪು, ಸಿಮೆಂಟು ತೆಗೆದುಕೊಂಡು ಆ ಕಡೆಯ ಗೋಡೆಯ ಬಿರುಕುಗಳನ್ನೆಲ್ಲ ಮುಚ್ಚಿದ. ಮುಚ್ಚಿದ ಮೇಲೆ ಟೈಲರಮ್ಮನನ್ನು ಕೂಗಿ ಕೇಳಿದ: “ಈಗ?”

“ಈಗ್ಲೂ ಬರ್ತಿದೆ ಅಣ್ಣ. ಅಡುಗೆಮನೇಲೂ ಶುರುವಾಗಿದೆ.”

ಕೊನೆಗೆ ಅಪ್ಪ ಕೆಳಗಿಳಿದು ಬಂದು ಸೋತವನ ಹಾಗೆ ಕೂತ. “ಪೈಪೇ ಇಲ್ದೆ ಬಿಟ್ರೆ ಸೋರದೆ ಇನ್ನೇನಾಗುತ್ತೆ? ನಿನಗೆ ಈ ಗಾಳಿ ಸಹವಾಸ ಬೇಡ ಮಗಳೇ. ವೈರ್ ಎಳೆದುಕೊಡ್ತೀನಿ.”

ಅಂತೂ ಸರಿಯಾದ ಮಾತು ಬಂತು, ಕಾರಣ ಎಷ್ಟೇ ತಪ್ಪಿರಲಿ. ವೈರ್ ಎಂದರೆ ಹೋಗಬೇಕಾದ ಕಡೆಗೆ ಮಾತ್ರ ಹೋಗುತ್ತದೆ, ಗೋಡೆಗೂ ನೀರಿಗೂ ಹೆದರುವುದಿಲ್ಲ. ನನಗೂ ಅದೇ ಬೇಕಿತ್ತು. ಖುಷಿಯಾಯಿತು. ಆದರೆ ಅಪ್ಪ ಇಳಿಜಾರು ನೋಡುವ ರಸಮಟ್ಟ ತೆಗೆದುಕೊಂಡು ಬಂದದ್ದನ್ನು ಕಂಡಾಗ ಖುಷಿಯೆಲ್ಲ ಇಳಿದುಹೋಯಿತು.

ತಂತಿಯನ್ನು ಪೈಪಿನೊಳಗೆ ತೂರಿಸಿ, ತಾರಸಿಯಿಂದ ನನ್ನ ಕೋಣೆಯವರೆಗೆ ಎಲ್ಲೂ ಇಳಿಜಾರು ತಪ್ಪದ ಹಾಗೆ ಇಳಿಸಿದ. ಇಳಿಯುತ್ತ ಇಳಿಯುತ್ತ ಅದು ನೆಲಕ್ಕೇ ಬಂತು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಡುವ ಹಾಗಿಲ್ಲ. ಇಟ್ಟರೆ ನೆಟ್ ಮೇಲಕ್ಕೆ ಹತ್ತಬೇಕಾಗುತ್ತದಂತೆ. ಮೈ ಪರಚಿಕೊಳ್ಳುವಂತಾಯಿತು. ಆದರೂ ಜೋಡಿಸಿ ನೋಡಿದರೆ, ಗೀಟುಗೀಟಿನ ಆಟವೇ ಇಲ್ಲ, ಎಲ್ಲ ಸರಾಗ. ಅಪ್ಪ ಗೋಡೆಗೊರಗಿ ನಿಂತು ಮೀಸೆ ತೀಡಿಕೊಂಡ. “ನೋಡಿದ್ಯಾ ಇಳಿಜಾರಿನ ಮಹಿಮೆ?”

ಸಂದರ್ಶನದ ದಿನ ನಾನು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಕೂತೆ. ಇನ್ನೇನು ಕರೆ ಬರಬೇಕು, ಆಗ ಅಪ್ಪ ಬಂದು, ಜಾಯಿಂಟ್ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಒಮ್ಮೆ ಜಗ್ಗಿದ. ಟಕ್ಕೆಂದಿತು. ತಂತಿಯ ತುದಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಕ್ಕೆ ಮುರಿದು ಬಿತ್ತು. ತಂತಿ ಸಿಕ್ಕಿಸಿದರೆ ಜಾರಿ ಹೊರಗೆ ಬರುತ್ತಿತ್ತು. ನನಗೆ ಅಳುವೇ ಬಂತು.

ಅಪ್ಪ ನನ್ನ ಪಕ್ಕ, ಕ್ಯಾಮೆರಾದಲ್ಲಿ ಕಾಣದ ಹಾಗೆ ಕುಕ್ಕರಗಾಲಲ್ಲಿ ಕೂತು, ತಂತಿಯನ್ನು ಸಿಕ್ಕಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಒಡೆದ ಪೈಪನ್ನು ಹಾಗೆ ಒತ್ತಿ ಹಿಡಿದು ಎಷ್ಟು ಜನರ ಅಡುಗೆಮನೆ ಉಳಿಸಿದ್ದನೋ.

“ನೀನು ಮಾತಾಡು. ನಾನು ಹಿಡ್ಕೊಂಡಿರ್ತೀನಿ.”

ಪರದೆಯಲ್ಲಿ ಕನ್ನಡಕದ ಮೇಡಂ ಬಂದರು. ಹೆಸರು, ಓದು ಎಲ್ಲ ಆಯಿತು. ಆಮೇಲೆ ಕೇಳಿದರು: “ಒಬ್ಬರು ಗಿರಾಕಿ ಇದ್ದಾರೆ ಅಂದ್ಕೊಳ್ಳಿ. ಯಾರ ಮಾತೂ ಕೇಳದೆ ಎಲ್ಲಾ ತಾವೇ ಜೋಡಿಸಿದ್ದಾರೆ. ನೆಟ್ ಸರಿಯಾಗಿ ಬರ್ತಿಲ್ಲ. ಏನೇನು ತಪ್ಪು ಮಾಡಿರಬಹುದು?”

ಜಗತ್ತಿನಲ್ಲಿ ಈ ಪ್ರಶ್ನೆಗೆ ನನ್ನಷ್ಟು ತಯಾರಾದವಳು ಇನ್ನೊಬ್ಬಳಿರಲಿಲ್ಲ. ಆದರೆ ಆ ಗಿರಾಕಿ ನನ್ನ ಮೊಣಕೈಯ ಪಕ್ಕದಲ್ಲೇ ಕೂತಿದ್ದ. ಅವನು ಬೆರಳು ತೆಗೆದರೆ ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ನನಗೆ ಕೆಲಸ ಬೇಕಿತ್ತು.

“ಡಬ್ಬಿಯನ್ನ ಎರಡು ನೀರಿನ ಟ್ಯಾಂಕ್ ನಡುವೆ ಇಟ್ಟಿರಬಹುದು ಮೇಡಂ. ಮೇಲೆ ತಗಡು ಹೊದಿಸಿರಬಹುದು.”

“ಹಾಗೂ ಇಡ್ತಾರಾ?”

“ಇಡ್ತಾರೆ. ಪಕ್ಕದ ಮನೆಗೆ ಸೋರುತ್ತೆ ಅಂತ ಗೋಡೆಗೆ ಸಿಮೆಂಟ್ ಮೆತ್ತಿರ್ತಾರೆ. ವೈರ್‌ಗೆ ಇಳಿಜಾರು ಕೊಟ್ಟಿರ್ತಾರೆ. ಅದಕ್ಕೆ ಇಳಿಜಾರು ಬೇಕಾಗಿಲ್ಲ, ಏರಿನಲ್ಲೂ ಹೋಗುತ್ತೆ. ಗಟ್ಟಿಯಾಗಿದೆಯಾ ನೋಡೋಕೆ ಜಗ್ಗಿ ಕೊಕ್ಕೆ ಮುರಿದಿರ್ತಾರೆ.”

ಮೇಡಂ ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಓರೆಗಣ್ಣಿನಲ್ಲಿ ನೋಡಿದೆ. ಅಪ್ಪ ಗೋಡೆ ನೋಡುತ್ತಿದ್ದ. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಅವನ ಜಾಗದಲ್ಲಿ ನಾನಿದ್ದಿದ್ದರೆ ಬೆರಳು ತೆಗೆಯುತ್ತಿದ್ದೆ.

“ಇಂಥವರು ಫೋನ್ ಮಾಡಿದ್ರೆ ನಗು ತಡ್ಕೋತೀರಾ?”

“ನಗು ಬರಲ್ಲ ಮೇಡಂ,” ಎಂದೆ. “ಅವರು ಕೆಲಸಾನ ಚೆನ್ನಾಗೇ ಮಾಡಿರ್ತಾರೆ. ಅದು ಬೇರೆ ಕೆಲಸ, ಅಷ್ಟೆ.”

ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಮುಂದಿನ ವಾರದಿಂದ ಕೆಲಸಕ್ಕೆ ಬನ್ನಿ ಎಂದು ಹೇಳಿ ಮೇಡಂ ಹೋದರು. ಪರದೆ ಖಾಲಿಯಾಯಿತು.

“ಅಪ್ಪ, ಆಯ್ತು. ಬಿಡು.”

ಅಪ್ಪ ಬಿಡಲಿಲ್ಲ. ಹೆಬ್ಬೆರಳಿನ ತುದಿ ಬಿಳಿಚಿಕೊಂಡಿತ್ತು.

“ಸಿಟ್ಟು ಬಂತಾ?”

“ಸುಮ್ನಿರೇ,” ಎಂದ ಮೆಲ್ಲಗೆ. “ಅವರು ಹೇಳಿದ್ದು ಪೂರ್ತಿ ಬಂದಿದೆಯೋ ಇಲ್ವೋ. ಲೈನಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತೆ. ಎಲ್ಲಾ ಬಂದುಬಿಡ್ಲಿ.”

ಲೈನಿನಲ್ಲಿ ಏನೂ ಉಳಿದಿರುವುದಿಲ್ಲ ಎಂದು ನಾನು ಹೇಳಲಿಲ್ಲ. ಅವನಿಗೆ ಇನ್ನಷ್ಟು ಹತ್ತಿರ ಸರಿದು ಕೂತು, ನಾನೂ ಕಾದೆ.