ಪರದೇಶದ ಪ್ರಭು

ಅಮೆರಿಕದ ಹೇವರ್ಡ್‌ನಲ್ಲಿ ಕೃಪಾವತಿಗೆ ಕನ್ನಡ ಮಾತಾಡಲು ಸಿಗುತ್ತಿದ್ದವಳು ಪಕ್ಕದ ಅಪಾರ್ಟ್‌ಮೆಂಟಿನ ಹುಬ್ಬಳ್ಳಿಯ ನೂರುನ್ನಿಸಾ ಒಬ್ಬಳೇ. ಕೃಪಾವತಿಯ ಊರು ಬೆಟಗೇರಿ, ಕೆಲಸ ಆಸ್ಪತ್ರೆಯಲ್ಲಿ ನರ್ಸು, ಮದುವೆಯಿಲ್ಲ. ಊರಲ್ಲಿ ಉಳಿದವಳು ತಂಗಿ ನೀಲಾಬಾಯಿ. ಅವಳನ್ನು ಕರೆಸಿಕೊಳ್ಳಬೇಕಾದರೆ ಕೃಪಾವತಿ ಅಮೆರಿಕದ ಪ್ರಜೆಯಾಗಲೇಬೇಕು. ಆಮೇಲೂ ವರ್ಷಗಟ್ಟಲೆ ಕಾಯಬೇಕು. ಸುತ್ತಲಿನ ಹುಡುಗರೆಲ್ಲ ಡಾಟ್‌ಕಾಂ ಷೇರಿನಲ್ಲಿ ರಾತ್ರೋರಾತ್ರಿ ಕುಬೇರರಾಗುತ್ತಿದ್ದ ಕಾಲ ಅದು. ಇವಳ ಆಸೆ, ಊಟಕ್ಕೆ ಎದುರಿಗೊಬ್ಬರು ಕೂತಿರಲಿ ಎನ್ನುವುದಷ್ಟೇ.

ಪ್ರಮಾಣವಚನದ ಕಾಗದ ಬಂತು. ಇಂಗ್ಲಿಷಿನಲ್ಲಿ ಓದಿ ಸುಮ್ಮನಿದ್ದರೆ ಆಗುತ್ತಿತ್ತು. ಈ ಪುಣ್ಯಾತ್ಗಿತ್ತಿ ತಾನು ಪ್ರಾರ್ಥನೆ ಮಾಡುವ ಭಾಷೆಯಲ್ಲೇ ಅರ್ಥ ಮಾಡಿಕೊಳ್ಳಲು ಹೋದಳು: ಪರದೇಶದ ಯಾವ ಪ್ರಭುವಿಗೂ ನಾನು ಇನ್ನು ನಿಷ್ಠಳಲ್ಲ. ಪ್ರಿನ್ಸ್ ಎಂದಿದ್ದುದು ಪ್ರಭುವಾಯಿತು, ಅಲ್ಲಿಗೇ ನಾಲಿಗೆ ಕಟ್ಟಿಹೋಯಿತು. ಅವಳು ಆ ಹೆಸರಿನಿಂದ ಕರೆಯುತ್ತಿದ್ದುದು ಯೇಸುವನ್ನು ಮಾತ್ರ.

"ಅವರು ಹೇಳೂದು ರಾಜಾ-ಮಹಾರಾಜರ ಸುದ್ದಿ ಅಕ್ಕಾ. ಬರೇ ಬಾಯಿಮಾತು, ಅಂದುಬಿಡ್ರಿ," ಎಂದಳು ನೂರುನ್ನಿಸಾ. ಫೋನಿನಲ್ಲಿ ತಂಗಿಗೆ ಹೇಳಿಕೊಂಡರೆ ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಬರೀ ಬಾಯಿಮಾತು. ಸಂಡೇ ಸ್ಕೂಲಿನಲ್ಲಿ ಅಪ್ಪ ಹೇಳುತ್ತಿದ್ದ ಕಥೆಯಲ್ಲಿ ರೋಮಿನ ನ್ಯಾಯಾಧೀಶನೂ ಅದನ್ನೇ ಅಂದಿದ್ದ. ಮೊದಲ ಕಾಲದ ಕ್ರೈಸ್ತರು ಕಂದಾಯ ಕಟ್ಟಿದರು, ಚಕ್ರವರ್ತಿಯ ಒಳಿತಿಗಾಗಿ ಪ್ರಾರ್ಥಿಸಿದರು. ಚಿಟಿಕೆ ಧೂಪ ಹಾಕಿ ಅವನನ್ನು ಪ್ರಭು ಅನ್ನಲು ಮಾತ್ರ ಒಪ್ಪಲಿಲ್ಲ. ಅಂದುಬಿಡು ತಾತ, ಮನೆಗೆ ಹೋಗು ಎಂದು ಅವರಲ್ಲೊಬ್ಬ ಮುದುಕನನ್ನು ನ್ಯಾಯಾಧೀಶ ಗೋಗರೆದನಂತೆ. ತಾತ ಅನ್ನಲಿಲ್ಲ, ಜೀವ ಕೊಟ್ಟ.

ಸ್ಯಾನ್ ಹೊಸೆಯ ಸಭಾಂಗಣದಲ್ಲಿ ನೂರಾರು ಜನ ಕೈಯೆತ್ತಿ ಒಕ್ಕೊರಲಿನಿಂದ ಪ್ರಮಾಣ ಮಾಡಿದರು. ಆ ಮಾತು ಬಂದಾಗ ಕೃಪಾವತಿ ತುಟಿ ಬಿಗಿಹಿಡಿದಳು. ಸಿಕ್ಕಿಬಿದ್ದರೆ ಕಾಗದವೂ ಇಲ್ಲ, ತಂಗಿಯೂ ಇಲ್ಲ. ಯಾರೂ ತಿರುಗಿ ನೋಡಲಿಲ್ಲ. ಮನಸ್ಸು ತಡೆಯದೆ, ಮೇಜಿನ ಹಿಂದಿದ್ದ ಅಧಿಕಾರಿಗೆ ತಾನೇ ಹೇಳಿದಳು, ಒಂದು ಮಾತು ನಾನು ಅನ್ನಲಿಲ್ಲ ಎಂದು. ಆ ಗದ್ದಲದಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ.

"ಕಂಗ್ರಾಜುಲೇಷನ್ಸ್, ಮ್ಯಾಮ್," ಎಂದು ಸರ್ಟಿಫಿಕೇಟನ್ನೂ ಪುಟ್ಟ ಬಾವುಟವನ್ನೂ ಕೈಗಿಟ್ಟು ಮುಂದಿನವರನ್ನು ಕರೆದ.

ಕಥೆಯ ತಾತನನ್ನು ಗೋಗರೆಯಲಾದರೂ ಒಬ್ಬನಿದ್ದ, ತನ್ನ ಮಾತು ಇಲ್ಲಿ ಯಾರಿಗೂ ಬೇಕಾಗಲಿಲ್ಲ ಎನಿಸಿ ಕೃಪಾವತಿಗೆ ಅಳು ಬಂತು. ಮನೆಗೆ ಬಂದವಳೇ ಬೆಟಗೇರಿಗೆ ಫೋನು ಮಾಡಿದಳು.

"ಆ ಮಾತು ಅಂದೀಯೇನಕ್ಕಾ?" ನೀಲಾಬಾಯಿ ಮೊದಲು ಕೇಳಿದ್ದೇ ಅದನ್ನು.

"ಇಲ್ಲವ್ವಾ. ಆದ್ರೂ ಕಾಗದಾ ಕೊಟ್ರು."

"ಹಂಗಾದ್ರ ಎಷ್ಟು ವರ್ಷ ಆದ್ರೂ ಕಾಯ್ತೀನಿ, ಬರ್ತೀನಿ," ಎಂದಳು ನೀಲಾಬಾಯಿ. "ಅಂದಿದ್ರ ಬರ್ತಿದ್ದಿಲ್ಲ."