ಹಿಂದೆ ಖಾಲಿ ಬಸ್ಸು

ನಿಲ್ಲದೆ ಓಡುತ್ತೇನೆ ಎಂದು ಮುದ್ದಪ್ಪ ಈರಕ್ಕನಿಗೆ ಮಾತು ಕೊಟ್ಟು ಹತ್ತು ವರ್ಷವಾಗಿತ್ತು. ಎಪ್ಪತ್ತನಾಲ್ಕನೆಯ ಇಸವಿಯ ಶ್ರಾವಣ. ಬರಗೂರಿನಿಂದ ಸಿರಾಕ್ಕೆ ಹೋಗುವ ದಾರಿಯ ಒಂದು ಗೊಲ್ಲರಹಟ್ಟಿಯಲ್ಲಿ, ಆಕೆಯ ಗುಡಿಸಲಿನ ಮುಂದೆ, ದೊಣ್ಣೆ ಹಿಡಿದು ನಿಂತಿದ್ದ ಏಳೆಂಟು ಗಂಡಸರ ನಡುವೆ ಕೊಟ್ಟ ಮಾತು ಅದು. ಪೆಟ್ಟಿಗೆ ಹೆದರಿ ಕೊಟ್ಟಿದ್ದು ಎಂದು ಯಾರಾದರೂ ಅಂದುಕೊಳ್ಳಬಹುದು. ಪೆಟ್ಟು ಬಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಮುದ್ದಪ್ಪನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಆಗ ಅವನಿಗೆ ಇಪ್ಪತ್ತೆಂಟು. ಖಾಸಗಿ ಬಸ್ಸಿನ ಕಂಡಕ್ಟರು. ಆ ಮಾತು ಕೊಡುವ ಮೂರು ದಿನ ಮುಂಚೆ ಸಿರಾದ ಸಂತೆ. ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲ, ಮೇಲೆ ಕೋಳಿ ಕುರಿಗಳ ಜೊತೆ ಜನ. ಬಸ್ಸು ನಿಲ್ಲುವ ಹಟ್ಟಿ ಗೇಟಿನಲ್ಲಿ ಒಬ್ಬ ಹೆಂಗಸು ಸೊಂಟದ ಮೇಲೆ ಮಗುವಿಟ್ಟುಕೊಂಡು ಕೈ ಅಡ್ಡ ಹಿಡಿದಿದ್ದಳು. ಮುದ್ದಪ್ಪ ನೋಡಿದ. ನೋಡಿಯೇ ಎರಡು ಸಲ ಸೀಟಿ ಊದಿದ. ಮೆಟ್ಟಿಲಿನಿಂದ ಆಚೆ ಬಾಗಿ, ಆ ದಾರಿಯ ಕಂಡಕ್ಟರುಗಳೆಲ್ಲ ದಿನಕ್ಕೆ ಹತ್ತು ಸಲ ಕೂಗುವ ಮಾತನ್ನು ಕೂಗಿದ.

"ಹಿಂದೆ ಖಾಲಿ ಬಸ್ ಬತ್ತಾ ಐತೆ, ಅದ್ರಾಗೆ ಬಾರಮ್ಮಾ!"

ಅದನ್ನು ಯಾರೂ ನಂಬುತ್ತಿರಲಿಲ್ಲ. ಜಾಗವಿಲ್ಲ, ಸುಮ್ಮನಿರು ಎನ್ನುವುದನ್ನು ಕಂಡಕ್ಟರುಗಳು ಹೇಳುತ್ತಿದ್ದದ್ದೇ ಹಾಗೆ. ಆದರೆ ಹಟ್ಟಿ ಬಿಟ್ಟು ಹೆಚ್ಚು ಹೊರಬಾರದ ಈರಕ್ಕ ನಂಬಿದಳು. ಅವಳ ಸೊಂಟದ ಮೇಲಿದ್ದ ಮೂರು ವರ್ಷದ ಕ್ಯಾತನಿಗೆ ರಾತ್ರಿಯಿಂದ ವಾಂತಿಭೇದಿ. ಬಿಸಿಲು ಏರುವ ತನಕ ಆಕೆ ಬರಗೂರಿನ ಕಡೆಗೆ ನೋಡುತ್ತಾ ನಿಂತಳು. ಮಧ್ಯಾಹ್ನದ ತನಕ ಇನ್ನೊಂದು ಬಸ್ಸೇ ಇಲ್ಲ ಎಂದು ಒಬ್ಬ ಗಾಡಿಯವನು ಹೇಳಿದ ಮೇಲೆ ಮಗುವನ್ನು ಕಂಬಳಿಯಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಓಡಿದಳು. ಆರು ಮೈಲಿ, ಬರಿಗಾಲು, ಎಲ್ಲೂ ನಿಲ್ಲಲಿಲ್ಲ. ಸಿರಾದ ಆಸ್ಪತ್ರೆಯ ಬಾಗಿಲಿನಲ್ಲಿ ನರ್ಸಮ್ಮ ಕಂಬಳಿ ಬಿಚ್ಚಿ ನೋಡಿ, ಮತ್ತೆ ಮುಚ್ಚಿದಳು.

ಸುದ್ದಿ ಕೇಳಿ ನಾಲ್ಕನೆಯ ದಿನ ಮುದ್ದಪ್ಪ ತಾನಾಗಿಯೇ ಹಟ್ಟಿಗೆ ಹೋದ. ದೊಣ್ಣೆ ಎತ್ತಿದವರನ್ನು ಈರಕ್ಕನೇ ತಡೆದಳು.

"ಇವ್ನ ಹೊಡುದ್ರೆ ನಂಗೇನು ಬಂತು? ಬುಡ್ರಿ," ಅಂದಳು. ಆಮೇಲೆ ಅವನ ಕಡೆ ತಿರುಗಿದಳು. "ಓಡ್ವಾಗ ನಂಗೆ ನನ್ನ ಉಸ್ರು ಬುಟ್ರೆ ಏನೂ ಕೇಳುಸ್ನಿಲ್ಲ ಕಂಡಕ್ಟ್ರೇ. ಎಲ್ಲಿ ಗಂಟ ಇದ್ದ, ಎಲ್ಲಿ ಹೋದ, ಗೊತ್ತಿಲ್ಲ. ನೀನೂ ಓಡು. ಸೊಂಟದ ಮ್ಯಾಲೆ ಅಷ್ಟೇ ಭಾರ ಇಟ್ಕೊಂಡು ಓಡು. ನಾನು ಎಲ್ಲೂ ನಿಲ್ನಿಲ್ಲ, ನೀನೂ ನಿಲ್ಬ್ಯಾಡ. ಅಂಗೆ ಓಡೋರಿಗೆ ಗೊತ್ತಾಗ್ತದಾ ಇಲ್ವಾ, ಬಂದು ಹೇಳು."

"ಓಡ್ತೀನಿ ಕಣಕ್ಕ. ನಿಲ್ದೆ ಓಡ್ತೀನಿ," ಅಂದ ಮುದ್ದಪ್ಪ.

ಓಡಲಿಲ್ಲ. ಮೊದಲ ವರ್ಷ ಮಳೆ ನೆಪವಾಯಿತು, ಎರಡನೆಯ ವರ್ಷ ಮದುವೆ. ಆಮೇಲೆ ನೆಪವೇ ಬೇಕಾಗಲಿಲ್ಲ. ದಿನಕ್ಕೆ ಒಂದು ಕಟ್ಟು ಬೀಡಿ, ಹೋಟೆಲಿನ ಬೋಂಡ, ಖಾಕಿ ಅಂಗಿಯ ಗುಂಡಿ ಹಾಕಲಾರದಷ್ಟು ಹೊಟ್ಟೆ. ಬಸ್ಸಿನ ಹಿಂದಿನ ಏಣಿ ಹತ್ತಿ ಒಂದು ಮೂಟೆ ಇಳಿಸಿದರೆ ಐದು ನಿಮಿಷ ಮಾತು ಬರುತ್ತಿರಲಿಲ್ಲ. ಈರಕ್ಕ ಹಟ್ಟಿ ಗೇಟಿನ ಹುಣಸೆಮರದ ಕೆಳಗೆ ಕುರಿಗಳ ಜೊತೆ ನಿಂತಿರುತ್ತಿದ್ದಳು. ಹತ್ತು ವರ್ಷದಲ್ಲಿ ಒಂದು ದಿನವೂ ಬಸ್ಸು ಹತ್ತಲಿಲ್ಲ, ಒಂದು ಮಾತೂ ಆಡಲಿಲ್ಲ.

ಆದರೆ ಬಸ್ಸು ಗೇಟು ಬಿಟ್ಟ ಕೂಡಲೇ ಹಿಂದೆ ಹೆಜ್ಜೆ ಸದ್ದು ಕೇಳುತ್ತಿತ್ತು. ಬರಿಗಾಲು ಮಣ್ಣಿಗೆ ಬೀಳುವ ಸದ್ದು. ಪಟ, ಪಟ, ಪಟ. ಮುದ್ದಪ್ಪ ಹಿಂದಿನ ಕಿಟಕಿಯಿಂದ ಇಣುಕಿದರೆ ಬರೀ ಧೂಳು.

"ಯಾರೋ ಓಡ್ತಾವ್ರೆ ಮಾಲಿಂಗಣ್ಣ," ಎಂದು ಒಂದು ಸಲ ಡ್ರೈವರಿಗೆ ಹೇಳಿದ. ಮಹಾಲಿಂಗಯ್ಯ ವಿಭೂತಿ ಇಟ್ಟುಕೊಳ್ಳದೆ ಸ್ಟೇರಿಂಗ್ ಮುಟ್ಟದ ಮನುಷ್ಯ, ದೆವ್ವ ಪಿಶಾಚಿ ಎಂದರೆ ನಗುತ್ತಿದ್ದ.

"ಅದು ಏಣಿ ಕಣ್ಲಾ. ಬೋಲ್ಟು ಸಡಿಲ ಆಗೈತೆ."

ಬೋಲ್ಟು ಬಿಗಿ ಮಾಡಿಸಿದರು. ಸದ್ದು ಹೋಗಲಿಲ್ಲ.

ಎಂಬತ್ತನಾಲ್ಕರ ಆಷಾಢದ ಒಂದು ಬೆಳಿಗ್ಗೆ ಬಸ್ಸು ಗೇಟಿನಲ್ಲಿ ನಿಂತಾಗ ಈರಕ್ಕ ಬಾಗಿಲ ತನಕ ಬಂದು ಕಂಬಿ ಹಿಡಿದಳು. ತಲೆಯಲ್ಲಿ ಬಿಳಿ ಎಳೆ ಬಂದಿತ್ತು.

"ಯಾವಾಗ?" ಅಂದಳು.

ಮುದ್ದಪ್ಪನ ಬಾಯಲ್ಲಿ ಸೀಟಿ ಇತ್ತು. ತೆಗೆಯಲು ಮರೆತ.

"ದೀಪಾವಳಿ ಕಳುದ್ರೆ ಮಗ್ಳು ಮನೆಗೆ ಹೊಳವನಹಳ್ಳಿ ಕಡೀಕೆ ಹೊಂಟೋಯ್ತೀನಿ. ಆಮ್ಯಾಕೆ ಯಾರಿಗೆ ಹೇಳ್ತೀಯ?"

ಕಂಬಿ ಬಿಟ್ಟು ಹೋದಳು. ಏನು ಕೇಳಿದ್ದು, ಏನು ಕೊಡಬೇಕಿತ್ತು ಎಂದು ಬಸ್ಸಿನ ಜನ ಗುಸುಗುಸು ಅಂದರು. ಮುದ್ದಪ್ಪ ಸಿರಾ ಬರುವ ತನಕ ಒಂದು ಟಿಕೆಟನ್ನೂ ಹರಿಯಲಿಲ್ಲ.

ಮಾರನೆಯ ದಿನ ಹಟ್ಟಿ ಗೇಟಿನಲ್ಲಿ ಟಿಕೆಟ್ ಚೀಲವನ್ನು ಮಹಾಲಿಂಗಯ್ಯನ ಪಕ್ಕದಲ್ಲಿಟ್ಟು, ಚಪ್ಪಲಿ ಬಿಟ್ಟು, ಕೆಳಗಿಳಿದ.

"ನಿಧಾನಕ್ಕೆ ಹೋಗಣ್ಣ. ನಾನು ಹಿಂದೆ ಓಡ್ಬತ್ತೀನಿ. ಬೀಳಂಗಾದ್ರೆ ಹತ್ಕೋತೀನಿ."

"ಲೇ, ನಿಂಗೇನು ಬಂತ್ಲಾ? ಎದೆ ಹೊಡ್ಕೊಂಡು ಸಾಯ್ತೀಯ!"

"ಸತ್ರೆ ಏಣಿಗೆ ಕಟ್ಕೊಂಡು ಹೋಗು."

ಮೊದಲ ದಿನ ಲೈಟು ಕಂಬ ನಾಲ್ಕು ದಾಟಿದ. ಐದನೆಯದರ ಹತ್ತಿರ ಪಕ್ಕೆ ಹಿಡಿದು, ಬಾಗಿ, ಬೆಳಗಿನ ಚಿತ್ರಾನ್ನ ಕಕ್ಕಿದ. ಬಸ್ಸಿನ ಕಿಟಕಿಗಳ ತುಂಬಾ ತಲೆಗಳು. ಸಿರಾದ ಬಾಳೆಹಣ್ಣಿನ ಸಾಬರು "ಅರೆ ಭಾಯ್, ಪೊಲೀಸ್ ಸೇರ್ತೀರಾ ಏನು?" ಎಂದು ಕೇಳಿದರು. ಹಿಂದಿನ ಸೀಟಿನ ಪಡ್ಡೆಯೊಬ್ಬ ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ, ಥೇಟು ಮುದ್ದಪ್ಪನ ರಾಗದಲ್ಲಿ ಕೂಗಿದ.

"ಕಂಡಕ್ಟ್ರೇ! ಹಿಂದೆ ಖಾಲಿ ಬಸ್ ಬತ್ತಾ ಐತೆ, ಅದ್ರಾಗೆ ಬಾರಣ್ಣೋ!"

ಬಸ್ಸೆಲ್ಲ ನಕ್ಕಿತು. ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುದ್ದಪ್ಪ ಮಾತ್ರ, ಬಾಯಿ ಒರೆಸಿಕೊಳ್ಳುತ್ತಾ, ತಡೆಯಲಾರದೆ ಬರಗೂರಿನ ಕಡೆಗೆ ತಿರುಗಿ ನೋಡಿದ. ದಾರಿ ಬರಿದಾಗಿತ್ತು. ಅಷ್ಟು ಬರಿದಾದ ದಾರಿಯನ್ನು ಅವನು ಬಸ್ಸಿನ ಒಳಗಿನಿಂದ ಒಂದು ದಿನವೂ ನೋಡಿರಲಿಲ್ಲ.

ಬೀಡಿ ಬಿಟ್ಟ. ಬೋಂಡ ಬಿಟ್ಟು ಅಂಬಲಿ ಕುಡಿದ. ರಾತ್ರಿ ಹೆಂಡತಿ ಓಬಳಮ್ಮ ಅವನ ಅಂಗಾಲಿನ ಬೊಬ್ಬೆಗೆ ಹರಳೆಣ್ಣೆ ಹಚ್ಚುತ್ತಾ ಬೈಯುತ್ತಿದ್ದಳು.

"ಮಗಳನ್ನ ಇಸ್ಕೂಲಿಗೆ ಬುಟ್ಬಾ ಅಂದ್ರೆ ನಡ್ಯಾಕಾಗಲ್ಲ ಅಂತಿದ್ದೆ. ಈಗ ನೋಡಿದ್ರೆ ಓಡ್ತೀಯ. ನಿನ್ನ ಅಟ್ಟುಸ್ಕೊಂಡ್ ಬರ್ತಿರೋದು ಯಾರು?"

ಮುದ್ದಪ್ಪ ಕಾಲು ಎಳೆದುಕೊಂಡ. ಹೇಳುವುದು ಹೇಗೆ? ಬಸ್ಸಿನಲ್ಲಿದ್ದಾಗ ಹಿಂದೆ ಕೇಳುತ್ತಿದ್ದ ಹೆಜ್ಜೆ ಅವನು ಕೆಳಗಿಳಿದು ಓಡಿದ ದಿನದಿಂದ ಪಕ್ಕಕ್ಕೆ ಬಂದಿತ್ತು. ಎಡಗಡೆ, ಒಂದು ಮಾರು ದೂರ. ಅವನು ಜೋರು ಮಾಡಿದರೆ ಅದೂ ಜೋರು. ಅವನು ಸುಸ್ತಾಗಿ ನಿಂತರೆ ಅದೂ ನಿಂತು ಕಾಯುತ್ತಿತ್ತು. ಕಾಯುವಾಗ ಏನೂ ಕೇಳುತ್ತಿರಲಿಲ್ಲ; ಆದರೆ ಕಾಯುತ್ತಿದೆ ಎಂದು ಗೊತ್ತಾಗುತ್ತಿತ್ತು. ಹಟ್ಟಿ ಗೇಟಿನಲ್ಲಿ ಆವತ್ತು ಹಾಗೇ ಯಾರೋ ಕಾದಿದ್ದರಲ್ಲ.

ಶ್ರಾವಣ ಕಳೆಯುವ ಹೊತ್ತಿಗೆ ಒಂದು ಮೈಲಿ ಓಡಿದ. ಗೌರಿ ಹಬ್ಬಕ್ಕೆ ಎರಡು. ಮಧ್ಯೆ ಮೊಣಕಾಲು ಊದಿಕೊಂಡು ಎಂಟು ದಿನ ಮಲಗಿದ; ಮತ್ತೆ ಅರ್ಧ ಮೈಲಿಯಿಂದ ಶುರು. ಅಂಗಿಯ ಗುಂಡಿ ಮತ್ತೆ ಹಾಕಿಕೊಳ್ಳುವಂತಾಯಿತು. ಕಿಟಕಿಯ ನಗು ನಿಂತಿತು. ಈಗ ಜನ ಸುಮ್ಮನೆ ನೋಡುತ್ತಿದ್ದರು, ಹೆಣ ಹೋಗುವಾಗ ನೋಡಿದ ಹಾಗೆ. ದಸರಾ ಮುಗಿದ ಮರುವಾರ, ಭಾರವಿಲ್ಲದೆ, ಗೇಟಿನಿಂದ ಆಸ್ಪತ್ರೆಯ ತನಕ ಆರು ಮೈಲಿಯನ್ನೂ ನಿಲ್ಲದೆ ಓಡಿದ. ಮಹಾಲಿಂಗಯ್ಯ ಬಸ್ಸು ನಿಲ್ಲಿಸಿ ಇಳಿದು ಬಂದು ಅವನ ಬೆನ್ನು ನೀವಿದ.

"ಆಯ್ತಲ್ಲ ಮುದ್ದ. ಇನ್ನಾದ್ರೂ ಬುಡು."

"ಇದು ಬರೀ ರೂಢಿ ಮಾಡ್ಕೊಂಡಿದ್ದು ಅಣ್ಣ. ಓಡೋದು ಇನ್ನೂ ಐತೆ," ಎಂದ ಮುದ್ದಪ್ಪ. ಅವತ್ತು ಮೊದಲ ಸಲ ಅವನಿಗೆ ಎಲ್ಲವನ್ನೂ ಹೇಳಿದ. ಆ ಸಂತೆಯ ದಿನ ಸ್ಟೇರಿಂಗ್ ಹಿಡಿದಿದ್ದವನೂ ಮಹಾಲಿಂಗಯ್ಯನೇ.

ದೀಪಾವಳಿಗೆ ಒಂದು ವಾರ ಮುಂಚೆ, ಭಾನುವಾರ ಬೆಳಗ್ಗೆ, ಬಸ್ಸನ್ನು ರಿಪೇರಿಗೆ ಸಿರಾದ ಗ್ಯಾರೇಜಿಗೆ ಬಿಡಬೇಕಾಗಿತ್ತು. ಒಬ್ಬ ಪ್ಯಾಸೆಂಜರೂ ಇಲ್ಲ. ಮುದ್ದಪ್ಪ ಹಟ್ಟಿಗೆ ಮೊದಲೇ ಹೇಳಿ ಕಳಿಸಿದ್ದ. ಹಟ್ಟಿ ಗೇಟಿನಲ್ಲಿ ಈರಕ್ಕ ಕಂಬಳಿಯ ತುಂಡೊಂದನ್ನು ಹಾಸಿಕೊಂಡು ಕೂತಿದ್ದಳು. ಅಂಚು ನುಸಿ ತಿಂದ ಕಂಬಳಿ. ಪಕ್ಕದಲ್ಲಿ ಒಂದು ಮೊರ ರಾಗಿ. ಬೊಗಸೆ ಬೊಗಸೆ ಹಾಕಿ, ಗಂಟು ಕಟ್ಟಿ, ಎದ್ದು ತನ್ನ ಸೊಂಟದ ಮೇಲೆ ಇಟ್ಟುಕೊಂಡು ನೋಡಿದಳು. ತಲೆಯಾಡಿಸಿದಳು. ಬಿಚ್ಚಿ ಇನ್ನೊಂದು ಬೊಗಸೆ ಹಾಕಿದಳು.

"ಸೇರು ಲೆಕ್ಕ ಗೊತ್ತಿಲ್ಲ. ಸೊಂಟಕ್ಕೆ ಗೊತ್ತೈತೆ," ಅಂದಳು. "ತಗಾ. ಎಡಗಡೆ ಇಟ್ಕಾ."

ಮುದ್ದಪ್ಪ ಟವಲಿನಿಂದ ಗಂಟನ್ನು ಎಡ ಸೊಂಟಕ್ಕೆ ಕಟ್ಟಿಕೊಂಡ. ಈರಕ್ಕ ಹತ್ತು ವರ್ಷದಲ್ಲಿ ಮೊದಲ ಸಲ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಯಾರೂ ಸೀಟಿ ಊದಲಿಲ್ಲ.

ಓಡಿದ. ಭಾರ ಒಂದು ಕಡೆಗೆ ಎಳೆಯುತ್ತಿತ್ತು. ಹೆಜ್ಜೆ ಹಾಕಿದಾಗಲೆಲ್ಲ ಗಂಟಿನೊಳಗೆ ರಾಗಿ ಸರ್, ಸರ್ ಎಂದು ಜಾರುತ್ತಿತ್ತು, ಸಣ್ಣ ಉಸಿರಿನ ಹಾಗೆ. ಒಂದು ಮೈಲಿ ಆದ ಮೇಲೆ ಅವನ ಕಿವಿ ಆ ಸದ್ದಿಗೇ ಅಂಟಿಕೊಂಡಿತು. ಪಕ್ಕದ ಹೆಜ್ಜೆಯೂ ಇತ್ತು, ಇವತ್ತು ಬಹಳ ಹತ್ತಿರ. ಬಸ್ಸು ಇವತ್ತು ಮುಂದಿರಲಿಲ್ಲ, ಹಿಂದೆ ಇಂಜಿನ್ನು ಗುರುಗುಡುತ್ತಿತ್ತು. ಎರಡನೆಯ ಮೈಲಿಯ ಮೋರಿಯ ಹತ್ತಿರ ಒಮ್ಮೆ ತಿರುಗಿ ನೋಡಿದ. ಖಾಲಿ ಬಸ್ಸು ಹಿಂದೆ ಬರುತ್ತಿತ್ತು.

ಮೂರು ಮೈಲಿ ದಾಟಿತು. ಉಸಿರು ಚೆನ್ನಾಗಿತ್ತು, ಕಾಲು ಚೆನ್ನಾಗಿತ್ತು. ಬೆವರು ಸೊಂಟದಿಂದ ಇಳಿದು ಕಂಬಳಿಯನ್ನು ನೆನೆಸಿತು. ಕೆರೆ ಏರಿ ಹತ್ತುವಾಗ, ನಾಲ್ಕನೆಯ ಮೈಲಿಯ ಹತ್ತಿರ, ಮುದ್ದಪ್ಪನಿಗೆ ಏನೋ ಬದಲಾಯಿತು ಅನ್ನಿಸಿತು. ಹತ್ತು ಹೆಜ್ಜೆ ಹಾಕಿದ ಮೇಲೆ ಗೊತ್ತಾಯಿತು. ಗಂಟು ಸದ್ದು ಮಾಡುತ್ತಿಲ್ಲ.

ನೆಂದ ರಾಗಿ ಗಟ್ಟಿಯಾಗಿ ಕೂತಿದೆ, ಅಷ್ಟೆ. ಅದು ಅವನಿಗೆ ಗೊತ್ತಿತ್ತು. ಓಡು, ಎಂದುಕೊಂಡ. ಇಪ್ಪತ್ತು ಹೆಜ್ಜೆ ಓಡಿದ. ಸೊಂಟದ ಮೇಲಿನ ಭಾರ ಸುಮ್ಮನಿತ್ತು. ಇನ್ನೂ ಇಪ್ಪತ್ತು. ಹಾಗೆ ಸುಮ್ಮನಿರುವ ಭಾರ ಅವನ ಮೈಗೆ ಗೊತ್ತಿರಲಿಲ್ಲ. ಮುದ್ದಪ್ಪ ನಿಂತ. ಮಂಡಿಯೂರಿ, ಟವಲು ಬಿಚ್ಚಿ, ಕಂಬಳಿಯ ಗಂಟು ತೆರೆದು ನೋಡಿದ. ರಾಗಿ ಇತ್ತು.

ಪಕ್ಕದ ಹೆಜ್ಜೆ ನಿಲ್ಲಲಿಲ್ಲ. ಮೊದಲ ಸಲ ಅವನನ್ನು ದಾಟಿ, ಪಟ, ಪಟ, ಪಟ, ಏರಿಯ ಮೇಲೆ ಸಿರಾದ ಕಡೆಗೆ ಓಡುತ್ತಾ ಹೋಯಿತು.

ಬಸ್ಸು ನಿಂತಿತು. ಈರಕ್ಕ ಇಳಿದು ಬಂದಳು.

"ಯಾಕೆ ನಿಂತೆ? ಸುಸ್ತಾಯ್ತಾ?"

"ಇಲ್ಲ ಕಣಕ್ಕ. ಸದ್ದು ನಿಂತೋಯ್ತು. ನೋಡ್ದೆ ಇರಾಕಾಗ್ನಿಲ್ಲ."

ಈರಕ್ಕ ಕೆರೆಯನ್ನು ನೋಡಿದಳು, ಬಂದ ದಾರಿಯನ್ನು ನೋಡಿದಳು.

"ಅಂಗಾರೆ ಇಲ್ಲೇನಾ?"

ಇಲ್ಲೇ ಅನ್ನಬಹುದಿತ್ತು. ಇಲ್ಲಲ್ಲ, ಆಸ್ಪತ್ರೆ ಬಾಗಿಲಿನ ತನಕ ಕ್ಯಾತ ಇದ್ದ ಎಂದೂ ಅನ್ನಬಹುದಿತ್ತು. ಇಪ್ಪತ್ತು ವರ್ಷ ದಾರಿಯ ಜನಕ್ಕೆ ಬಾಯಿಗೆ ಬಂದದ್ದು ಕೂಗಿದ ನಾಲಿಗೆ ಅದು.

"ಗೊತ್ತಿಲ್ಲ ಕಣಕ್ಕ. ನಿಂತ್ರೆ ಮಾತ್ರ ಗೊತ್ತಾಗೋದು. ಓಡ್ತಾ ಓಡ್ತಾ ಗೊತ್ತಾಗಾಕಿಲ್ಲ."

"ನಾನು ನಿಲ್ನಿಲ್ಲ," ಅಂದಳು ಈರಕ್ಕ. "ನಂಗೂ ಎಲ್ಲೋ ಒಂದ್ಕಡೆ ಅಂಗೇ ಅನ್ನುಸ್ತು. ನಿದ್ದೆ ಹತ್ತೈತೆ ಅಂದ್ಕೊಂಡು ಇನ್ನೂ ಜೋರಾಗಿ ಓಡ್ದೆ. ನಿಂತಿದ್ರೆ ಮಖನಾದ್ರೂ ನೋಡ್ತಿದ್ದೆ."

ಅವಳು ಕೆಳಗೆ ಕೂತು ಕಂಬಳಿಯ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಹಾಲಿಂಗಯ್ಯ ಇಂಜಿನ್ನು ಆಫ್ ಮಾಡಿದ.

ಸಿರಾದ ಆಸ್ಪತ್ರೆ ಇನ್ನೂ ಎರಡು ಮೈಲಿ ಇತ್ತು. ನಿಲ್ಲದೆ ಓಡುತ್ತೇನೆ ಎಂದು ಮುದ್ದಪ್ಪ ಕೊಟ್ಟ ಮಾತು ಕೆರೆ ಏರಿಯ ಮೇಲೆ ಮುರಿಯಿತು.